ಜಿರಳೆ ಅಂಕಲ್ ಮತ್ತು ಖಾಲಿ ಡಬ್ಬಿ

ಹೋದ ತಿಂಗಳು ಒಂದು ಗುರುವಾರ ಮಧ್ಯಾಹ್ನ ಮಗಳ ಶಾಲೆಯಿಂದ ಫೋನ್ ಬಂತು. ಮಾತಾಡಿದ್ದು ಹೆಡ್‌ಮಿಸ್.

“ಸರ್, ಐದನೇ ಕ್ಲಾಸಲ್ಲಿ ಜಿರಳೆ ಎಲ್ಲಿಂದ ಬರ್ತಿದೆ ಅಂತ ಗೊತ್ತಾಯ್ತು. ನೀವೊಂದ್ಸಲ ಬಂದು ನೋಡಿದ್ರೆ ಒಳ್ಳೇದು.”

ನಾನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೊರಟೆ.

ನಗಬೇಡಿ. ಮನೆಯಲ್ಲೇ ಕೂತು ಅನುವಾದದ ಕೆಲಸ ಮಾಡುವ, ಬೆಳಗ್ಗೆ ಹಾಕಿದ ಬನಿಯನ್ನಿನಲ್ಲೇ ಸಂಜೆ ಮಾಡುವ ನನ್ನಂಥವನು ಮಟಮಟ ಮಧ್ಯಾಹ್ನ ಇಸ್ತ್ರಿ ಅಂಗಿಗೆ ಕೈ ಹಾಕುತ್ತಾನೆ ಅಂದರೆ ಅದಕ್ಕೆ ತಕ್ಕ ಕಾರಣ ಇರಲೇಬೇಕು. ಇತ್ತು. ಆ ಶಾಲೆಯ ಪೋಷಕರ ವಾಟ್ಸಾಪ್ ಗ್ರೂಪಿನಲ್ಲಿ ನನಗೆ ‘ಜಿರಳೆ ಅಂಕಲ್’ ಅಂತ ಹೆಸರು. ಇವತ್ತು ಆ ಹೆಸರು ಕಳಚಿ ಬೀಳುವ ದಿನ ಅಂದುಕೊಂಡೆ.

ಹೆಸರು ಬಂದ ಕಥೆ ಮೊದಲು ಹೇಳಿಬಿಡುತ್ತೇನೆ.

ಮಗಳು ಪೂರ್ವಿ (ಹೆಸರು ಬದಲಾಯಿಸಿದ್ದೇನೆ, ಇದನ್ನು ಬರೆಯಲು ಅವಳು ಹಾಕಿದ ಷರತ್ತು ಅದು) ಯಲಹಂಕದ ಅಲ್ಲಾಳಸಂದ್ರದ ಹತ್ತಿರದ ಒಂದು ಶಾಲೆಯಲ್ಲಿ ಐದನೇ ಕ್ಲಾಸು. ಜೂನ್‌ನಲ್ಲಿ ಶಾಲೆ ಶುರುವಾದಾಗಿನಿಂದ ಸೋಮವಾರ ಬಂತೆಂದರೆ ತಲೆನೋವು ಅನ್ನುತ್ತಿದ್ದಳು. ಸೋಮವಾರದ ತಲೆನೋವು ಯಾರಿಗಿಲ್ಲ ಹೇಳಿ? ನನಗೂ ಇದೆ. ಶಾಲೆ ತಪ್ಪಿಸಲು ನೆಪ ಅಂದುಕೊಂಡು ಸುಮ್ಮನಿದ್ದೆ. ಒಂದು ಸೋಮವಾರ ಅವಳು ಮರೆತು ಹೋದ ನೀರಿನ ಬಾಟಲಿ ಕೊಡಲು ಕ್ಲಾಸಿನ ಬಾಗಿಲ ತನಕ ಹೋದೆ. ಮೂಗಿಗೆ ಬಡಿಯಿತು ನೋಡಿ, ಘಾಟು! ಕಣ್ಣಲ್ಲಿ ನೀರು ಬಂತು.

ವಿಚಾರಿಸಿದೆ. ಶನಿವಾರ ಅರ್ಧ ದಿನ ಶಾಲೆ ಮುಗಿದ ಮೇಲೆ ಔಷಧಿ ಹೊಡೆಯುವವರು ಬಂದು ಗೋಡೆ, ಬೆಂಚು, ಡೆಸ್ಕು ಯಾವುದನ್ನೂ ಬಿಡದೆ ಸಿಂಪಡಿಸಿ, ಕಿಟಕಿ ಮುಚ್ಚಿ ಹೋಗುತ್ತಿದ್ದರು. ಭಾನುವಾರವಿಡೀ ಅದು ಒಳಗೇ ಕುಳಿತಿರುತ್ತಿತ್ತು. ಸೋಮವಾರ ಮಕ್ಕಳು ಅದೇ ಡೆಸ್ಕಿನ ಮೇಲೆ ಮೊಣಕೈ ಊರಿ, ಅದೇ ಡೆಸ್ಕಿನ ಮೇಲೆ ಚಪಾತಿ ಹರಡಿಕೊಂಡು ತಿನ್ನುತ್ತಿದ್ದರು.

ಏನು ಹೊಡೆಯುತ್ತಾರೆ, ಎಷ್ಟು ಹೊಡೆಯುತ್ತಾರೆ, ಪ್ರತಿ ವಾರ ಹೊಡೆಯಲೇಬೇಕಾ ಅಂತ ಗ್ರೂಪಿನಲ್ಲಿ ಕೇಳಿದೆ. ಉತ್ತರವಾಗಿ ಒಂದು ಗುಲಾಬಿ ಹೂವಿನ ಗುಡ್ ಮಾರ್ನಿಂಗ್ ಬಂತು. ಆಮೇಲೆ ಮುನಿರಾಜು ಅವರ ವಾಯ್ಸ್ ಮೆಸೇಜ್.

ಮುನಿರಾಜು ಕೋಗಿಲಿನವರು. ಒಂದು ಕಾಲಕ್ಕೆ ದ್ರಾಕ್ಷಿ ತೋಟ ಇದ್ದ ಮನೆ, ಈಗ ತೋಟದ ಜಾಗದಲ್ಲಿ ಅಪಾರ್ಟ್‌ಮೆಂಟು. ಅವರ ಮಗನೂ ಪೂರ್ವಿಯ ಕ್ಲಾಸು. ಮನುಷ್ಯ ಒಳ್ಳೆಯವರು, ದನಿ ಮಾತ್ರ ದೊಡ್ಡದು. “ಸರ್, ನಮ್ ತಾತ ದ್ರಾಕ್ಷಿಗೆ ಔಸ್ದಿ ಒಡ್ದು, ಅದೇ ಕೈನಾಗೆ ಮುದ್ದೆ ಉಣ್ತಿದ್ರು. ಏನಾಗಿತ್ತು? ವಾಸ್ನೆ ಬಂದ್ರೇನೇ ಔಸ್ದಿ ಒಡ್ದವ್ರೆ ಅಂತ ಗೊತ್ತಾಗೋದು” ಅಂದರು. ಆ ಮಾತಿಗೆ ಹೆಬ್ಬೆರಳುಗಳ ಸುರಿಮಳೆಯಾಯಿತು.

ಹೌದಲ್ಲವೇ? ನಮ್ಮ ನಂಬಿಕೆಯೆಲ್ಲ ಮೂಗಿನಲ್ಲಿದೆ. ಫಿನಾಯಿಲ್ ವಾಸನೆ ಬಂದರೆ ಆಸ್ಪತ್ರೆ ಕ್ಲೀನು. ಬ್ಲೀಚಿಂಗ್ ಪೌಡರ್ ಘಾಟು ಬಂದರೆ ಮೋರಿ ಕ್ಲೀನು. ಸೊಳ್ಳೆ ಹೊಗೆಯ ಗಾಡಿ ಬೀದಿಗೆ ಬಂದರೆ ಬಾಗಿಲು ಹಾಕಿಕೊಳ್ಳುವ ಬದಲು ತೆರೆದಿಟ್ಟು, ‘ಸ್ವಲ್ಪ ಒಳಗೂ ಬಿಡಪ್ಪ’ ಅನ್ನುವ ಜನ ನಾವು. ವಾಸನೆಯೇ ಇಲ್ಲದ ಕೆಲಸ ನಮಗೆ ಕೆಲಸ ಅಂತ ಅನ್ನಿಸುವುದೇ ಇಲ್ಲ.

ನಾನು ಬಿಡಲಿಲ್ಲ. (ಹಿಡಿದ ಹಟ ಬಿಡದಿರುವುದು ನನ್ನ ಗುಣವೋ ರೋಗವೋ ಅಂತ ಹೆಂಡತಿ ಮದುವೆಯಾದಾಗಿನಿಂದ ಯೋಚಿಸುತ್ತಿದ್ದಾಳೆ.) ಹೆಡ್‌ಮಿಸ್ ಹತ್ತಿರ ಮತ್ತೆ ಮತ್ತೆ ಹೋದೆ. ಅವರಿಗೂ ಆ ವಾಸನೆಗೆ ಕೆಮ್ಮು ಬರುತ್ತಿತ್ತಂತೆ, ಹೇಳಿಕೊಂಡಿರಲಿಲ್ಲ ಅಷ್ಟೆ. ಕೊನೆಗೆ ಶಾಲೆ ಬೇರೆ ತರಹದ ಒಂದು ಏಜೆನ್ಸಿಯವರನ್ನು ಕರೆಸಿತು. ಅವರು ಕೈಯಲ್ಲಿ ಪಂಪು ಹಿಡಿದು ಬರಲಿಲ್ಲ, ಟಾರ್ಚ್ ಹಿಡಿದು ಬಂದರು. ಗೋಡೆಯ ಬಿರುಕು ಮುಚ್ಚಿಸಿದರು. ಕೈ ತೊಳೆಯುವ ಜಾಗದ ಮೋರಿಗೆ ಜಾಲರಿ ಹಾಕಿಸಿದರು, ಸೋರುವ ನಲ್ಲಿ ರಿಪೇರಿ ಮಾಡಿಸಿದರು. ಕಸದ ಬುಟ್ಟಿ ಮರುದಿನ ಬೆಳಗಿನ ತನಕ ಕ್ಲಾಸಿನಲ್ಲಿ ಇರಕೂಡದು ಅಂದರು. ಎಲ್ಲಿ ಜಿರಳೆ ಓಡಾಡುತ್ತದೆ ಅಂತ ತಿಳಿಯಲು ಬೆಂಚುಗಳ ಕೆಳಗೆ ಅಂಟು ಕಾರ್ಡ್ ಇಟ್ಟರು. ಔಷಧಿ ಬೇಕೇ ಬೇಕು ಅನ್ನುವ ಕಡೆ ಮಾತ್ರ, ಅದೂ ಮಕ್ಕಳ ಕೈಗೆ ಎಟುಕದ ಸಂದಿಯಲ್ಲಿ, ಸಾಸಿವೆಯಷ್ಟು ಜೆಲ್.

ಇದರ ಜೊತೆಗೊಂದು ರೂಲ್ ಬಂತು. ಕ್ಲಾಸಿನೊಳಗೆ ಯಾರೂ ಏನೂ ತಿನ್ನುವಂತಿಲ್ಲ. ಊಟ ಇನ್ನು ಮೇಲೆ ವರಾಂಡದಲ್ಲಿ.

ಅದು ನನ್ನ ಸಲಹೆ. ಜಿರಳೆಗೆ ಊಟ ಹಾಕುವುದನ್ನು ನಿಲ್ಲಿಸಿದರೆ ವಿಷ ಹಾಕುವ ಪ್ರಮೇಯವೇ ಬರುವುದಿಲ್ಲ ಅಂತ ಪೇರೆಂಟ್ಸ್ ಮೀಟಿಂಗಿನಲ್ಲಿ ಎದ್ದು ನಿಂತು ಹೇಳಿದ್ದೆ. ಹಿಂದಿನ ಸಾಲಿನಲ್ಲಿ ಯಾರೋ ಚಪ್ಪಾಳೆ ತಟ್ಟಿದ್ದರು ಕೂಡ. ಪೂರ್ವಿಯ ಸೋಮವಾರದ ತಲೆನೋವು ಹೋಯಿತು. ನಾನು ಒಂದಷ್ಟು ದಿನ ಎದೆ ಸೆಟೆಸಿಕೊಂಡೇ ತಿರುಗಿದೆ.

ಆಮೇಲೆ ಮುನಿರಾಜು ಅವರ ಮನೆಗೆ ಬೀಗರು ಬಂದರು.

ಬೀಗರಿಗೆ ಕಾಫಿ ತಂದಿಟ್ಟಿದ್ದಾರೆ. ಪಕ್ಕದಲ್ಲೇ ಮಗನ ಸ್ಕೂಲ್ ಬ್ಯಾಗ್. ಅದರೊಳಗಿಂದ ಒಂದು ಜಿರಳೆ ಹೊರಗೆ ಬಂದು, ನಿಧಾನಕ್ಕೆ ನಡೆದು, ಕಾಫಿ ಟ್ರೇ ಹತ್ತಿದೆ. ಮುಂದಿನದನ್ನು ನೀವೇ ಊಹಿಸಿಕೊಳ್ಳಿ. ಅವತ್ತು ಸಂಜೆ ಗ್ರೂಪಿಗೆ ಬೆಂಕಿ ಬಿತ್ತು. ನಮ್ಮ ಮನೆಯ ಬ್ಯಾಗಿನಲ್ಲೂ ಕಂಡವು ಅಂತ ಐದನೇ ಕ್ಲಾಸಿನ ಇನ್ನೂ ಒಂದಿಬ್ಬರು ಹೇಳಿದರು. ಬೇರೆ ಕ್ಲಾಸುಗಳಲ್ಲಿ ಇಲ್ಲ, ಐದನೆಯದರಲ್ಲಿ ಮಾತ್ರ. ಔಷಧಿ ನಿಲ್ಲಿಸಿದ್ದು ಯಾರು? ನಾನು. ಆ ಬಿಸಿಯಲ್ಲೇ ಮುನಿರಾಜು ‘ಜಿರಳೆ ಅಂಕಲ್’ ಅಂತ ಟೈಪ್ ಮಾಡಿದರು. ನಾನು ನಗುವ ಮುಖ ಒತ್ತಿ ಕಳಿಸಿದೆ. ನಕ್ಕುಬಿಟ್ಟರೆ ಮುಗಿಯಿತಲ್ಲ ಅಂತ.

ಮುಗಿಯಲಿಲ್ಲ. ನನ್ನ ಮೆಸೇಜುಗಳಿಗೆ ನೀಲಿ ಗೆರೆ ಬರುತ್ತಿತ್ತು, ಉತ್ತರ ಬರುತ್ತಿರಲಿಲ್ಲ. ಮಧ್ಯಾಹ್ನ ಶಾಲೆ ಬಿಡುವ ಹೊತ್ತಿಗೆ ಗೇಟಿನ ಹತ್ತಿರ ಹೊಂಗೆ ಮರದ ಕೆಳಗೆ ಅಪ್ಪ ಅಮ್ಮಂದಿರು ಗುಂಪುಗುಂಪಾಗಿ ನಿಂತಿರುತ್ತಾರೆ. ನಾನು ಹೋದರೆ ಮಾತು ಹೆಬ್ಬಾಳದ ಟ್ರಾಫಿಕ್ಕಿಗೆ ಹೊರಳುತ್ತಿತ್ತು, ಸ್ವಲ್ಪ ಹೊತ್ತಿಗೆ ಗುಂಪೂ ಆ ಕಡೆಗೆ ಹೊರಳುತ್ತಿತ್ತು. ನಾನು ಸ್ಕೂಟರಿನ ಪಕ್ಕ ಒಬ್ಬನೇ. ಫೋನ್ ನೋಡುವವನಂತೆ ನಟಿಸುವುದರಲ್ಲಿ ಈಗ ಯಲಹಂಕದಲ್ಲಿ ನನ್ನನ್ನು ಮೀರಿಸುವವರಿಲ್ಲ.

ಮನೆಗೆ ಬಂದರೆ ಅಲ್ಲೂ ಯಾರಿದ್ದಾರೆ? ಹೆಂಡತಿ ಸುಮಾ ಬ್ಯಾಂಕಿನಲ್ಲಿ ಆಫೀಸರ್. ಪ್ರಮೋಷನ್ ಕೊಟ್ಟು ದೂರದ ರಾಯಪುರಕ್ಕೆ ಹಾಕಿದ್ದಾರೆ. ಬ್ಯಾಂಕಿನವರು ಒಂದು ಕೈಯಲ್ಲಿ ಕೊಟ್ಟರೆ ಇನ್ನೊಂದು ಕೈಯಲ್ಲಿ ಟ್ರೈನ್ ಟಿಕೆಟ್ ಹಿಡಿದಿರುತ್ತಾರೆ. ಪುಟ್ಟೇನಹಳ್ಳಿಯ ನಮ್ಮ ಬಾಡಿಗೆ ಮನೆಯಲ್ಲಿ ನಾನು, ಪೂರ್ವಿ ಇಬ್ಬರೇ. ಅವಳು ಶಾಲೆಗೆ ಹೋದ ಮೇಲೆ ಕುಕ್ಕರಿನ ವಿಷಲ್ ಬಿಟ್ಟರೆ ಇನ್ನೊಂದು ದನಿ ಇಲ್ಲ. ಸದ್ದಿರಲಿ ಅಂತ ಟೀವಿ ಹಾಕಿ ಬಿಟ್ಟಿರುತ್ತೇನೆ, ಯಾವ ಚಾನೆಲ್ ಅಂತ ಕೇಳಿದರೆ ಹೇಳಲಾರೆ.

ಆ ದಿನಗಳಲ್ಲಿ ನನಗಿದ್ದ ಒಂದೇ ಒಂದು ಗೆಲುವು ಅಂದರೆ ಪೂರ್ವಿಯ ಊಟದ ಡಬ್ಬಿ.

ಅಡುಗೆ ನಾನು ಕಲಿತದ್ದೇ ಸುಮಾ ಹೋದ ಮೇಲೆ. ಚಪಾತಿ ದುಂಡಗೆ ಬರುವುದಿಲ್ಲ, ಅದಕ್ಕೇ ನಾಲ್ಕು ಮಡಿಕೆ ಮಾಡಿ ಅಂಚು ಕಾಣದ ಹಾಗೆ ಇಡುತ್ತೇನೆ. ಚಿತ್ರಾನ್ನ ಮಾತ್ರ ಒಂದು ಹದಕ್ಕೆ ಬಂದಿದೆ. ಬೆಳಗ್ಗೆ ತುಂಬಿ ಕಳಿಸಿದ ಡಬ್ಬಿ ಮಧ್ಯಾಹ್ನ ಪೂರ್ತಿ ಖಾಲಿ. ಒಂದು ಅಗುಳೂ ಉಳಿದಿರುತ್ತಿರಲಿಲ್ಲ. ಅವಳಮ್ಮ ಕಳಿಸುತ್ತಿದ್ದಾಗ ಅರ್ಧ ವಾಪಸ್ ತರುತ್ತಿದ್ದ ಹುಡುಗಿ ಇವಳು! ಸಂಜೆ ವಿಡಿಯೋ ಕಾಲ್‌ನಲ್ಲಿ ಡಬ್ಬಿಯನ್ನು ಕ್ಯಾಮೆರಾದ ಮುಂದೆ ತಲೆಕೆಳಗು ಮಾಡಿ ತೋರಿಸುತ್ತಿದ್ದೆ. ಸುಮಾ ನಗುತ್ತಿದ್ದಳು. ಪೂರ್ವಿಯೂ ಪಕ್ಕದಲ್ಲಿ ಕೂತು ನಗುತ್ತಿದ್ದಳು. ಒಂಟಿಯಾಗಿರುವ ಮನುಷ್ಯನಿಗೆ ಸಣ್ಣ ಗೆಲುವು ಸಿಕ್ಕರೂ ಅದನ್ನು ಯಾರಿಗಾದರೂ ತೋರಿಸಬೇಕು, ಇಲ್ಲದಿದ್ದರೆ ಅದು ಗೆಲುವೇ ಅಲ್ಲ.

ಇರಲಿ. ಗುರುವಾರಕ್ಕೆ ಬರೋಣ.

ನಾನು ಶಾಲೆ ಮುಟ್ಟಿದಾಗ ಐದನೇ ಕ್ಲಾಸಿನವರು ಆಟದ ಪೀರಿಯಡ್‌ಗೆ ಹೊರಗೆ ಹೋಗಿದ್ದರು. ಖಾಲಿ ಕ್ಲಾಸಿನಲ್ಲಿ ಹೆಡ್‌ಮಿಸ್ ನನಗೆ ಅಂಟು ಕಾರ್ಡುಗಳನ್ನು ತೋರಿಸಿದರು. ಉಳಿದ ಬೆಂಚುಗಳ ಕೆಳಗಿನವು ಹೆಚ್ಚುಕಡಿಮೆ ಖಾಲಿ. ಕಿಟಕಿ ಪಕ್ಕದ ಬೆಂಚಿನ ಕೆಳಗಿನದರಲ್ಲಿ ಮಾತ್ರ ಕಾಲಿಡಲು ಜಾಗವಿಲ್ಲದ ಹಾಗೆ ಜಿರಳೆಗಳು. ಅಂದರೆ ಹೊಸ ಪದ್ಧತಿ ಸೋತಿರಲಿಲ್ಲ. ತಿನ್ನಲು ಸಿಗುತ್ತಿದ್ದ ಒಂದೇ ಒಂದು ಜಾಗಕ್ಕೆ ಎಲ್ಲವೂ ಬಂದು ಸೇರುತ್ತಿದ್ದವು, ಅಲ್ಲಿಂದ ಬ್ಯಾಗುಗಳಿಗೆ. ನಾನು ಹೇಳಿರಲಿಲ್ಲವೇ ಅಂತ ಬಾಯಿ ತುದಿಗೆ ಬಂದಿತ್ತು.

ಹೆಡ್‌ಮಿಸ್ ಆ ಡೆಸ್ಕಿನ ಒಳಗಿನ ಖಾನೆಗೆ ಕೈ ಹಾಕಿ, ಕ್ರಾಫ್ಟ್ ಸಾಮಾನಿನ ಚೀಲದ ಹಿಂದೆ ಇದ್ದದ್ದನ್ನು ಹೊರಗೆ ತೆಗೆದು ಪೇಪರಿನ ಮೇಲೆ ಇಟ್ಟರು. ಟಿಶ್ಯೂನಲ್ಲಿ ಸುತ್ತಿದ ಚಿತ್ರಾನ್ನ, ಒಣಗಿ ಕಲ್ಲಾಗಿತ್ತು. ಹಪ್ಪಳದಂತಾದ ಚಪಾತಿಗಳು.

ನಾಲ್ಕು ಮಡಿಕೆಯ ಚಪಾತಿಗಳು.

ಹೆಡ್‌ಮಿಸ್ ನನ್ನ ಮುಖ ನೋಡಲಿಲ್ಲ. ಕ್ಲಾಸ್ ಟೀಚರ್ ಈ ವಾರ ಗಮನಿಸಿದ್ದನ್ನು ಮೆಲ್ಲಗೆ ಹೇಳಿದರು. ಮೊದಲೆಲ್ಲ ಮಕ್ಕಳು ಅವರವರ ಡೆಸ್ಕಿನಲ್ಲೇ ತಿನ್ನುತ್ತಿದ್ದರು, ಯಾರು ಯಾರ ಜೊತೆ ಅನ್ನುವ ಪ್ರಶ್ನೆಯೇ ಇರಲಿಲ್ಲ. ವರಾಂಡಕ್ಕೆ ಬಂದ ಮೇಲೆ ಅವರೇ ದುಂಡಗೆ ಗುಂಪು ಮಾಡಿಕೊಂಡು, ಡಬ್ಬಿಗಳನ್ನು ನಡುವೆ ಇಟ್ಟು ಹಂಚಿಕೊಂಡು ತಿನ್ನಲು ಶುರು ಮಾಡಿದರು. ನೋಡಲು ಚೆಂದ. ಆದರೆ ದುಂಡಗೆ ಕೂತಾಗ ಒಳಗೆ ಅಂತ ಒಂದಾಗುತ್ತದೆ, ಹೊರಗೆ ಅಂತ ಒಂದಾಗುತ್ತದೆ. ಮೊದಲಿನಿಂದಲೂ ಹೊರಗೇ ಉಳಿದ ಪೂರ್ವಿ, ನೀರು ತುಂಬಿಸಿಕೊಂಡು ಬರುತ್ತೇನೆ ಅಂತ ಎದ್ದವಳು ವಾಪಸ್ ಬರುತ್ತಿರಲಿಲ್ಲವಂತೆ. ಬ್ಯಾಗುಗಳಲ್ಲಿ ಜಿರಳೆ ಕಂಡ ಮೇಲೆ ಮಕ್ಕಳು ಅವಳನ್ನು ಏನಂತ ಕರೆಯುತ್ತಾರೆ ಅನ್ನುವುದನ್ನೂ ಹೇಳಿದರು.

ಜಿರಳೆ.

ಇಸ್ತ್ರಿ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ದಸರಾ ರಜೆಯಲ್ಲಿ ಮತ್ತೆ ಔಷಧಿ ಹೊಡೆಸಬೇಕು ಅಂತ ಪೋಷಕರು ಪಟ್ಟು ಹಿಡಿದಿದ್ದಾರೆ, ಶನಿವಾರ ಮೀಟಿಂಗ್ ಇದೆ ಅಂತ ಹೆಡ್‌ಮಿಸ್ ನೆನಪಿಸಿದರು. ಕಾರಣ ಸಿಕ್ಕಿದೆ, ಸರಿಪಡಿಸಿದ್ದೇವೆ ಅಂತ ಅವರು ಹೇಳಬಲ್ಲರು. ಆದರೆ ಯಾವ ಮಗು, ಯಾರ ಮಗು ಅಂತ ಜನ ಕೇಳೇ ಕೇಳುತ್ತಾರೆ. ಹೆಸರು ಹೇಳುವುದಿಲ್ಲ ಅಂದರೆ ನಂಬುವುದಿಲ್ಲ. ಹೇಳಬೇಕೋ ಬೇಡವೋ ನೀವೇ ತೀರ್ಮಾನ ಮಾಡಿ ಅಂದರು.

ಮನೆಗೆ ಬಂದ ಮೇಲೆ ಪೂರ್ವಿಯನ್ನು ಪಕ್ಕ ಕೂರಿಸಿಕೊಂಡೆ. ಬೈಯಲಿಲ್ಲ. ಬೈಯಲು ಏನಿತ್ತು? ಯಾರೂ ಜೊತೆಗೆ ಕೂರಿಸಿಕೊಳ್ಳದಿದ್ದರೆ ಕ್ಲಾಸಿಗೆ ಹೋದವಳು ಅಲ್ಲೇ ತಿಂದುಬಿಡಬಹುದಿತ್ತಲ್ಲ ಪುಟ್ಟಿ ಅಂದೆ.

“ಕ್ಲಾಸಲ್ಲಿ ತಿನ್ಬಾರ್ದು ಅಂತ ನೀನೇ ಅಲ್ವಾ ಅಪ್ಪ ರೂಲ್ ಮಾಡ್ಸಿದ್ದು?”

ಬುಟ್ಟಿಗಾದರೂ ಹಾಕಬಹುದಿತ್ತು ಅಂದೆ. ಬುಟ್ಟಿಯ ಹತ್ತಿರ ಆಯಾ ನಿಂತಿರುತ್ತಾರೆ, ಊಟ ಚೆಲ್ಲಿದರೆ ಬೈಯುತ್ತಾರೆ ಅಂದಳು. ಸರಿ, ಹಾಗೇ ಮನೆಗೆ ತರಬಹುದಿತ್ತು. ನಾನೇನು ಅನ್ನುತ್ತಿದ್ದೆ?

ಅವಳು ಫ್ರಾಕಿನ ಅಂಚು ಮಡಚಿದಳು.

“ನೀನು ಅಮ್ಮಂಗೆ ಡಬ್ಬಿ ತೋರಿಸ್ತೀಯಲ್ಲ. ಅದೊಂದಕ್ಕೇ ನೀನು ನಗೋದು.”

ಶಾಲೆಯಿಂದ ಬಂದ ಕೂಡಲೇ ನಾನು ಕೇಳುತ್ತಿದ್ದ ಪ್ರಶ್ನೆ ಒಂದೇ: ಊಟ ಮಾಡಿದೆಯಾ? ಅವಳು ಹ್ಞೂಂ ಅನ್ನುತ್ತಿದ್ದಳು, ಡಬ್ಬಿ ಸಾಕ್ಷಿ ಹೇಳುತ್ತಿತ್ತು. ನಮ್ಮ ಮನೆಗಳಲ್ಲಿ ಪ್ರೀತಿಯ ವಿಚಾರಣೆ ಅಲ್ಲಿಗೆ ಮುಗಿಯುತ್ತದೆ. ಬೀದಿಯಲ್ಲಿ ಸಿಕ್ಕ ಅಪರಿಚಿತರನ್ನೂ ಊಟ ಆಯ್ತಾ ಅಂತ ಕೇಳುವ ಜನ ನಾವು. ಯಾರ ಜೊತೆ ಆಯ್ತು ಅಂತ ಯಾರೂ ಕೇಳುವುದಿಲ್ಲ.

ಅವತ್ತು ಸಂಜೆ ಸುಮಾಗೆ ಎಲ್ಲ ಹೇಳಿದೆ. ಪರದೆಯ ಮೇಲೆ ಅವಳ ಮುಖ ಎಷ್ಟು ಹೊತ್ತು ಅಲುಗದೆ ಇತ್ತೆಂದರೆ ನೆಟ್‌ವರ್ಕ್ ಹೋಯಿತೇನೋ ಅಂದುಕೊಂಡೆ. ಆಮೇಲೆ ಅಂದಳು, “ಡಬ್ಬಿ ಅಷ್ಟು ಖಾಲಿಯಾಗಿ ಬರ್ತಿದೆ ಅಂದಾಗ್ಲೇ ನಂಗೊಂಥರಾ ಅನ್ನಿಸ್ತಿತ್ತು ರೀ. ಕೇಳೋಣ ಅಂದ್ಕೊಂಡೆ. ನೀವು ಅಷ್ಟು ಖುಷಿಯಾಗಿದ್ರಿ, ಸುಮ್ಮನಾದೆ.”

ನೋಡಿ, ಮೂರೇ ಜನರ ಸಂಸಾರ. ಮೂವರೂ ಒಬ್ಬರಿಗೊಬ್ಬರು ನೋಯಬಾರದು ಅಂತ ಒಂದೊಂದು ಮೂಲೆಯಲ್ಲಿ ಒಬ್ಬೊಬ್ಬರೇ ಕೂತಿದ್ದೆವು.

ಔಷಧಿ ಹೊಡೆಸಿಕೊಳ್ಳಲಿ, ನಾನು ಬಾಯಿ ಮುಚ್ಚಿಕೊಂಡಿರುತ್ತೇನೆ, ಆಮೇಲೆ ಯಾರೂ ನಿನ್ನನ್ನು ಏನೂ ಅನ್ನುವುದಿಲ್ಲ ಅಂತ ಮರುದಿನ ಪೂರ್ವಿಗೆ ಹೇಳಿದೆ. ನಿಜವಾಗಿಯೂ ಹಾಗೆ ತೀರ್ಮಾನ ಮಾಡಿಯೇಬಿಟ್ಟಿದ್ದೆ. ಮಗಳ ಎದುರು ಯಾವ ಹಟ ದೊಡ್ಡದು? ಅವಳು ಯೋಚನೆ ಮಾಡಿದಳು. ಬೇಡ, ಆ ವಾಸನೆ ಬಂದರೆ ತಲೆನೋಯುತ್ತದೆ, ಬೇರೆಯವರಿಗೂ ನೋಯುತ್ತದೆ, ಅವರು ಮನೆಯಲ್ಲಿ ಹೇಳುವುದಿಲ್ಲ ಅಷ್ಟೆ ಅಂದಳು. ಮೀಟಿಂಗಿನಲ್ಲಿ ನಿಜ ಹೇಳು ಅಂದಳು. ಹೇಳುವಾಗ ಇನ್ನೊಂದು ಮಾತು ಸೇರಿಸಬೇಕಂತೆ.

“ಚಿತ್ರಾನ್ನ ಚೆನ್ನಾಗೇ ಇತ್ತು ಅಂತ ಹೇಳು.”

ಶನಿವಾರ ಹೇಳಿದೆ. ಎದ್ದು ನಿಂತು, ಜಿರಳೆ ಬರುತ್ತಿದ್ದದ್ದು ನನ್ನ ಮಗಳ ಡೆಸ್ಕಿನಿಂದ ಅಂದೆ. ಗುಸುಗುಸು ಎದ್ದಿತು. ಅವಳ ಜೊತೆ ಯಾರೂ ಊಟಕ್ಕೆ ಕೂರುತ್ತಿರಲಿಲ್ಲ, ಅದಕ್ಕೇ ಅಲ್ಲಿ ಬಚ್ಚಿಟ್ಟಳು ಅಂದೆ. ಗುಸುಗುಸು ನಿಂತಿತು. ಚಿತ್ರಾನ್ನದ ಮಾತನ್ನೂ ಹೇಳಿದೆ, ಆದರೆ ನಗು ಬರಲೆಂದು ಹೇಳಿದ ಆ ಮಾತು ಅರ್ಧವೇ ಹೊರಗೆ ಬಂತು. ನನ್ನ ಜೀವನದಲ್ಲಿ ಅಷ್ಟು ಜನರ ಮಧ್ಯೆ ಅಷ್ಟು ಒಂಟಿಯಾಗಿ ನಾನು ಯಾವತ್ತೂ ನಿಂತಿರಲಿಲ್ಲ. ಈ ಸಲ ಯಾರೂ ಚಪ್ಪಾಳೆ ತಟ್ಟಲಿಲ್ಲ. ದಸರಾಕ್ಕೆ ಔಷಧಿ ಹೊಡೆಸುವುದು ಬೇಡ, ಹೀಗೇ ಮುಂದುವರಿಯಲಿ ಅಂತ ಹೆಡ್‌ಮಿಸ್ ಹೇಳಿದಾಗ ಯಾರೂ ಎದುರಾಡಲೂ ಇಲ್ಲ.

ಹೊರಗೆ ಬಂದು ಸ್ಕೂಟರ್ ತೆಗೆಯುತ್ತಿದ್ದೆ. ಮುನಿರಾಜು ಬಂದು ಪಕ್ಕದಲ್ಲಿ ನಿಂತರು. ಕಾರಿನ ಕೀ ಬೆರಳಲ್ಲಿ ತಿರುಗಿಸುತ್ತಾ ಹೊಂಗೆ ಮರ ನೋಡಿದರು. ದೊಡ್ಡ ದನಿಯ ಮನುಷ್ಯ, ಅವತ್ತು ಮೆಲ್ಲಗೆ ಮಾತಾಡಿದರು.

“ಸರ್, ಮಗೀಗೆ ಆ ಎಸ್ರು ಇಟ್ಟಿದ್ದು ನಮ್ ಉಡ್ಗನೇ ಇರ್ಬೇಕು. ಊಟಕ್ಕೆ ಕೂತಾಗ ನಾನೇ ದಿನಾ ಅಂತಿದ್ನಲ್ಲ, ಇಂಗೆ ಇಂಗೆ, ಜಿರಳೆ ಅಂಕಲ್ಲು ಅಂತ. ಅವ್ನು ಪಕ್ದಾಗೇ ಕೂತಿರ್ತಿದ್ದ.”

ಬರ್ತೀನಿ ಸರ್ ಅಂತ ಹೊರಟರು.

ಇಲ್ಲಿಗೆ ಎಲ್ಲ ಸರಿಹೋಯಿತು ಅಂತ ಬರೆದರೆ ನಿಮಗೆ ಸಮಾಧಾನ, ನನಗೂ ಸಮಾಧಾನ. ಆದರೆ ಸುಳ್ಳು ಯಾಕೆ ಬರೆಯಲಿ? ಡೆಸ್ಕ್ ತೊಳೆದರು. ಆ ಬೆಂಚಿನ ಕೆಳಗಿನ ಹೊಸ ಅಂಟು ಕಾರ್ಡ್ ಈಗ ಖಾಲಿ ಇದೆಯಂತೆ. ಜಿರಳೆಯ ಸಮಸ್ಯೆ ಬಗೆಹರಿಯಿತು. ಬಿರುಕಿಗೆ ಸಿಮೆಂಟು ಮೆತ್ತಬಹುದು, ಮೋರಿಗೆ ಜಾಲರಿ ಹಾಕಬಹುದು. ವರಾಂಡದಲ್ಲಿ ದುಂಡಗೆ ಕೂತ ಮಕ್ಕಳ ನಡುವೆ ಇನ್ನೊಂದು ಮಗು ಹಿಡಿಸುವಷ್ಟು ಸಂದಿ ಮಾಡುವುದು ಹೇಗೆ? ಅದಕ್ಕೆ ಯಾವ ಏಜೆನ್ಸಿಯವರೂ ಬರುವುದಿಲ್ಲ.

ಸೋಮವಾರ ಡಬ್ಬಿ ತೆರೆದೆ. ಅರ್ಧ ಚಿತ್ರಾನ್ನ ಹಾಗೇ ಇತ್ತು. ವರಾಂಡದಲ್ಲೇ ಕೂತೆ ಅಪ್ಪ, ಕಂಬದ ಹತ್ತಿರ, ಒಬ್ಬಳೇ ಕೂತರೆ ಅರ್ಧವೇ ಹೋಗುವುದು ಅಂದಳು. ಮುನಿರಾಜು ಅವರ ಮಗ ಎರಡು ಸಲ ತಿರುಗಿ ನೋಡಿದನಂತೆ. ಅಷ್ಟೇನಾ ಅಂದೆ. ಅಷ್ಟೇ ಅಂದಳು. ಸಂಜೆ ಆ ಅರ್ಧ ಡಬ್ಬಿಯನ್ನೇ ಸುಮಾಗೆ ತೋರಿಸಿದೆವು. ಅವಳು ಕಣ್ಣೊರೆಸಿಕೊಂಡು, ಈಗ ಸರಿಯಾಗಿದೆ ಅಂದಳು.

ಇವತ್ತು ನಿಮ್ಮ ಮನೆಗೆ ಬಂದ ಡಬ್ಬಿಯೂ ಪೂರ್ತಿ ಖಾಲಿ ಇತ್ತಾ? ಹಾಗಾದರೆ ದಯವಿಟ್ಟು ಕೇಳಿ ನೋಡಿ: ಪಕ್ಕದಲ್ಲಿ ಯಾರು ಕೂತಿದ್ದರು?